ಮಳೆ ಅಳೆಯುವವರಿಗೂ ಒಂದು ಕುರ್ಚಿ

ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಅಂಗಳಕ್ಕಿಳಿದರು. ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಮಟ್ಟಕ್ಕೆ ಎತ್ತಿ ನೋಡಿದರು. ಎರಡೂಕಾಲು ಇಂಚು. ಒದ್ದೆ ಕೈ ಒರೆಸಿಕೊಂಡು ಡೈರಿಯಲ್ಲಿ ಬರೆದರು. ಕೊಡಗಿನ ತೋಟದ ಮನೆಗಳಲ್ಲಿ ಇದು ದಿನದ ಕೆಲಸ.

ಈ ಮಳೆಯೇ ಕಾವೇರಿಯಾಗಿ, ಕೂಡಿಗೆಯಲ್ಲಿ ಹಾರಂಗಿಯನ್ನೂ ಸೇರಿಸಿಕೊಂಡು ಕೆಆರ್‌ಎಸ್‌ಗೆ ಹೋಗುತ್ತೆ. 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿಗೆ ತಲಾ ಒಬ್ಬ ಸದಸ್ಯರು. ನದಿ ಹುಟ್ಟುವ ಜಿಲ್ಲೆಗೆ ಅಂತ ಸ್ಥಾನವಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದು ಮನೆಗಳು ಮಣ್ಣಾದವು, ಅದನ್ನು ಹೇಗೆ ಮರೆಯಲಿ? ರಾಜ್ಯ ತನ್ನ 284.75 ಟಿಎಂಸಿ ಪಾಲಿನ ಬಗ್ಗೆ ತೀರ್ಮಾನ ಮಾಡುವಾಗಲಾದರೂ ಇಲ್ಲಿಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಡೈರಿ ಸಮೇತ ಬರ್ತಾರೆ.