ಸ್ವಾನ್ ನದಿಯ ದಂಡೆಯ ಪರ್ತ್: ಬಿಸಿಲು, ನೀರು ಮತ್ತು ಬದುಕು

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮನೆಗಳ ಮಕ್ಕಳು ಓದಿಗೋ ಕೆಲಸಕ್ಕೋ ಆಸ್ಟ್ರೇಲಿಯಾದತ್ತ ಹೊರಡುವುದು ಹೆಚ್ಚಾಗಿರುವುದರಿಂದ, ಪಶ್ಚಿಮ ಆಸ್ಟ್ರೇಲಿಯಾದ ರಾಜಧಾನಿ ಪರ್ತ್ ಹೇಗಿದೆ, ಅಲ್ಲಿ ಸಂಸಾರ ಹೂಡುವುದು ಸಲೀಸೇ ಎಂದು ಊರಿನವರು ನನ್ನನ್ನು ಆಗಾಗ ಕೇಳುತ್ತಾರೆ. ಚಿತ್ರಗಳಲ್ಲಿ ಕಾಣುವ ನೀಲಿ ಕಡಲು, ಬಿಳಿ ಮರಳು, ನದಿಯಂಚಿನ ಎತ್ತರದ ಕಟ್ಟಡಗಳು ಎಲ್ಲವೂ ನಿಜವೇ. ಆದರೆ ನೀರಿನ ದಂಡೆಯನ್ನು ಎಲ್ಲರ ಬಳಕೆಗೆ ಬಿಟ್ಟಿರುವ ಕ್ರಮ, ಬಿಸಿಲಿಗೂ ನೀರಿನ ಕೊರತೆಗೂ ಇಲ್ಲಿನ ಜನ ಹೊಂದಿಕೊಂಡಿರುವ ಬಗೆ, ಇವೆರಡೇ ಈ ನಗರವನ್ನು ಬಾಳಲು ಯೋಗ್ಯವಾಗಿಸಿವೆ ಎಂಬುದು ಇಲ್ಲಿ ನೆಲೆಸಿದ ಮೇಲೆ ನನಗೆ ಮನವರಿಕೆಯಾಗಿದೆ.

1829ರಲ್ಲಿ ಬ್ರಿಟಿಷರು ಸ್ವಾನ್ ನದಿಯ ದಡದಲ್ಲಿ ವಸಾಹತು ಹೂಡುವುದಕ್ಕೆ ಸಾವಿರಾರು ವರ್ಷ ಮುಂಚಿನಿಂದಲೂ ಇದು ವಾಜುಕ್ ನೂಂಗಾರ್ ಜನರ ನೆಲ. ನಗರದ ನಡುವೆ ಈ ನದಿ ಕೆರೆಯಷ್ಟು ಅಗಲವಾಗಿ ಹರಡಿಕೊಂಡಿದೆ. 2016ರಲ್ಲಿ ತೆರೆದ ಎಲಿಜಬೆತ್ ಕ್ವೇ ಎಂಬ ಕಟ್ಟೆಯಿಂದ ದೋಣಿ ಹತ್ತಿದರೆ ಹತ್ತು ನಿಮಿಷದೊಳಗೆ ಎದುರು ದಡದ ಸೌತ್ ಪರ್ತ್ ತಲುಪಬಹುದು. ಬಸ್ಸು, ರೈಲಿಗೆ ಬಳಸುವ ಸ್ಮಾರ್ಟ್‌ರೈಡರ್ ಕಾರ್ಡೇ ಈ ದೋಣಿಗೂ ಸಲ್ಲುತ್ತದೆ. ದಡದುದ್ದಕ್ಕೂ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿಯಿದೆ, ಹುಲ್ಲುಹಾಸಿದೆ, ಪಕ್ಕದ ನೀರಿನಲ್ಲಿ ಈ ರಾಜ್ಯದ ಲಾಂಛನವಾದ ಕಪ್ಪು ಹಂಸಗಳು ಕಾಣಸಿಗುತ್ತವೆ. ಬಸವನಹಳ್ಳಿ ಕೆರೆ ಅಥವಾ ದಂಟರಮಕ್ಕಿ ಕೆರೆಯ ಏರಿಯ ಮೇಲೆ ಸಂಜೆ ಅಡ್ಡಾಡಿದವರಿಗೆ ಊರೊಳಗೆ ನೀರಿದ್ದರೆ ಮನಸ್ಸಿಗೆ ಎಷ್ಟು ಹಿತವೆಂದು ನಾನು ಹೇಳಬೇಕಾಗಿಲ್ಲ.

ದಂಡೆಯ ಉದ್ಯಾನಗಳಲ್ಲಿ ಸಾರ್ವಜನಿಕರ ಅಡುಗೆಗೆಂದೇ ವಿದ್ಯುತ್ ಬಾರ್ಬೆಕ್ಯೂ ಒಲೆಗಳಿವೆ. ಗುಂಡಿ ಒತ್ತಿದರೆ ಉಕ್ಕಿನ ಹಲಗೆ ಕಾಯುತ್ತದೆ, ಹಣ ಕೊಡಬೇಕಾಗಿಲ್ಲ, ಬಳಸಿದವರು ಒರೆಸಿ ಹೋಗಬೇಕು, ಅಷ್ಟೆ. ಭಾನುವಾರಗಳಲ್ಲಿ ನಾವು ನಾಲ್ಕಾರು ಕನ್ನಡ ಕುಟುಂಬದವರು ಸೇರಿದಾಗ, ಮಾಂಸ ತಿನ್ನದವರಿಗೆ ಸಂಕೋಚವಾಗದಿರಲೆಂದು ಆ ಹಲಗೆಯ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ ಅಕ್ಕಿರೊಟ್ಟಿ ತಟ್ಟುತ್ತೇವೆ. ಹಲಗೆಯ ಬಿಸಿ ನಮ್ಮ ಕಾವಲಿಯಷ್ಟು ಚುರುಕಲ್ಲವಾದ್ದರಿಂದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಅಂಚಿಗೆ ಎಣ್ಣೆ ಬಿಟ್ಟು, ಮೇಲೆ ತಟ್ಟೆ ಮುಚ್ಚಿ ಬೇಯಿಸಬೇಕಾಗುತ್ತದೆ. ಸಿರಿವಂತರ ಬಡಾವಣೆಗಳ ಎದುರಿಗೇ ಇರುವ ಆ ದಂಡೆಯಲ್ಲಿ ಹೊಸದಾಗಿ ಬಂದಿಳಿದ ವಿದ್ಯಾರ್ಥಿಯೂ ಅದೇ ಹಕ್ಕಿನಿಂದ ಕೂರಬಲ್ಲ ಎಂಬುದು ಈ ನಗರದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಗತಿ.

ನದಿಗೆ ಮುಖಮಾಡಿದ ಗುಡ್ಡದ ಮೇಲೆ 400 ಹೆಕ್ಟೇರಿನಷ್ಟು ವಿಸ್ತಾರವಾದ ಕಿಂಗ್ಸ್ ಪಾರ್ಕ್ ಇದೆ, ಅದರ ಬಹುಪಾಲು ಇಂದಿಗೂ ಸಹಜ ಕಾಡು. ಸುಮಾರು 750 ವರ್ಷದ್ದೆಂದು ಅಂದಾಜಿಸಿರುವ ಒಂದು ಬೋವಾಬ್ ಮರವನ್ನು 2008ರಲ್ಲಿ ರಾಜ್ಯದ ಉತ್ತರದ ಕಿಂಬರ್ಲಿ ಪ್ರದೇಶದಿಂದ 3,200 ಕಿಲೋಮೀಟರ್ ಲಾರಿಯಲ್ಲಿ ತಂದು ಇಲ್ಲಿ ನೆಟ್ಟಿದ್ದಾರೆ. ರಸ್ತೆ ಕಾಮಗಾರಿಗೆ ಅಡ್ಡಬಂದ ಮರವನ್ನು ಕಡಿಯದೆ ಸಾಗಿಸಿದ್ದನ್ನು ತೋಟದ ಮನೆಯಲ್ಲಿ ಬೆಳೆದ ನಾನು ಮನಸಾರೆ ಗೌರವಿಸುತ್ತೇನೆ.

ನದಿ ಕಡಲು ಸೇರುವಲ್ಲಿ ಫ್ರೀಮ್ಯಾಂಟಲ್ ಬಂದರಿದೆ. ಅಲ್ಲಿ ಕೈದಿಗಳೇ ಕಟ್ಟಿದ ಹಳೆಯ ಸೆರೆಮನೆ 2010ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಉತ್ತರಕ್ಕೆ ಕಾಟಸ್ಲೋ, ಸ್ಕಾರ್ಬರೋ ಮುಂತಾದ ಕಡಲತೀರಗಳು ಸಾಲಾಗಿವೆ. ಕಡಲು ಪಶ್ಚಿಮಕ್ಕಿರುವುದರಿಂದ ಸೂರ್ಯ ನೀರಿನಲ್ಲೇ ಮುಳುಗುತ್ತಾನೆ. ಭದ್ರೆಯಲ್ಲೋ ಹಳ್ಳದಲ್ಲೋ ಈಜು ಕಲಿತವರು ಒಂದು ಮಾತನ್ನು ಮರೆಯಬಾರದು: ಕಡಲಿನ ಸೆಳವು ಬೇರೆಯೇ, ಕಾವಲಿನವರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಹತ್ತಿರದ ರಾಟ್ನೆಸ್ಟ್ ದ್ವೀಪಕ್ಕೆ ಎಲ್ಲರೂ ಕ್ವೊಕ್ಕ ಎಂಬ ಪುಟ್ಟ ಪ್ರಾಣಿಯನ್ನು ನೋಡಲು ಹೋಗುತ್ತಾರೆ; ಖಾಸಗಿ ಕಾರುಗಳಿಲ್ಲದ ಆ ದ್ವೀಪದಲ್ಲಿ ಸೈಕಲ್ ತುಳಿಯುವುದು ನಿಜಕ್ಕೂ ಸೊಗಸು. ಆದರೆ 1838ರಿಂದ ಹಲವು ದಶಕಗಳ ಕಾಲ ಅಲ್ಲಿ ಸಾವಿರಾರು ಮೂಲನಿವಾಸಿ ಗಂಡಸರನ್ನೂ ಹುಡುಗರನ್ನೂ ಸೆರೆಯಿಟ್ಟಿದ್ದರು, ನೂರಾರು ಮಂದಿ ಅಲ್ಲೇ ಮಣ್ಣಾದರು. ಅವರ ಸಮಾಧಿಭೂಮಿಗೂ ಹೋಗಿ ನಿಂತು ಬರುವುದು ಅತಿಥಿಗಳಾದ ನಮ್ಮ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ವರ್ಷಕ್ಕೆ 3,000 ಗಂಟೆಗೂ ಮಿಕ್ಕಿ ಬಿಸಿಲು ಕಾಣುವ ಊರಿದು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೇಸಿಗೆಯಾಗಿದ್ದು, ತಾಪಮಾನ 40 ಡಿಗ್ರಿ ದಾಟುವ ದಿನಗಳೂ ಬರುತ್ತವೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಗಾಳಿಗೆ ಇಲ್ಲಿನವರು ‘ಫ್ರೀಮ್ಯಾಂಟಲ್ ಡಾಕ್ಟರ್’ ಎನ್ನುತ್ತಾರೆ. ಅದು ಬಂದ ಕೂಡಲೇ ಮನೆಮನೆಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ಮಾತ್ರ ಬಲು ತೀಕ್ಷ್ಣ, ಚರ್ಮದ ಕ್ಯಾನ್ಸರ್ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ದೇಶಗಳಲ್ಲಿ ಆಸ್ಟ್ರೇಲಿಯಾ ಮುಂಚೂಣಿಯಲ್ಲಿದೆ. ಆದ್ದರಿಂದಲೇ ಶಾಲೆಗಳಲ್ಲಿ ಟೋಪಿ ತರದ ಮಗುವನ್ನು ಬಯಲಿನಲ್ಲಿ ಆಡಲು ಬಿಡದೆ ನೆರಳಿನಲ್ಲಿ ಕೂರಿಸುತ್ತಾರೆ.

ಮಲೆನಾಡಿನವರಿಗೆ ನಂಬಲು ಕಷ್ಟವಾಗುವುದು ಇಲ್ಲಿನ ನೀರಿನ ವಿಚಾರ. ಊರಿನಲ್ಲಿ ಆರಿದ್ರಾ, ಪುನರ್ವಸು ಮಳೆ ಹಿಡಿಯುವ ಹೊತ್ತಿಗೇ ಇಲ್ಲಿಯೂ ಚಳಿಗಾಲದ ಮಳೆ ಬೀಳುತ್ತದೆಯಾದರೂ, 1970ರ ದಶಕದಿಂದೀಚೆಗೆ ಅದು ಕಡಿಮೆಯಾಗುತ್ತಲೇ ಬಂದು, ಅಣೆಕಟ್ಟುಗಳಿಗೆ ಹರಿದು ಬರುವ ನೀರು ಬಹಳವಾಗಿ ಕುಸಿದಿದೆ. ಹಾಗಾಗಿ 2006ರಲ್ಲಿ ಕ್ವಿನಾನಾದಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಆರಂಭವಾಯಿತು, ಮುಂದೆ ಬಿನ್ನಿಂಗಪ್‌ನಲ್ಲಿ ಇನ್ನೊಂದು ಬಂತು. ಬಳಸಿದ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧೀಕರಿಸಿ ನೆಲದೊಳಗಿನ ಜಲಪದರಕ್ಕೆ ಇಂಗಿಸುವ ವ್ಯವಸ್ಥೆಯೂ ಇದೆ. ಕೈತೋಟಕ್ಕೆ ಸ್ಪ್ರಿಂಕ್ಲರ್ ಬಿಡಲು ವಾರಕ್ಕೆ ಎರಡೇ ದಿನ ಅವಕಾಶವಿದ್ದು, ಯಾವ ದಿನಗಳೆಂಬುದು ಮನೆ ನಂಬರಿನ ಕೊನೆಯ ಅಂಕಿಯ ಮೇಲೆ ನಿರ್ಧಾರವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ಪೂರ್ತಿ ನಿಲ್ಲಿಸಿಡಬೇಕು. ನಮ್ಮ ಬೀದಿಯಲ್ಲಿ ಈ ನಿಯಮವನ್ನು ಯಾರೂ ಹೊರೆಯೆಂದು ಗೊಣಗುವುದಿಲ್ಲ. ತೋಟಗಳಿಗೂ ಹೋಂಸ್ಟೇಗಳಿಗೂ ಮನಬಂದಂತೆ ಬೋರ್‌ವೆಲ್ ಕೊರೆಯುತ್ತಿರುವ ನಮ್ಮ ಜಿಲ್ಲೆಯವರು, ಹಳ್ಳಗಳು ಬತ್ತುವ ಮುಂಚೆಯೇ, ಈ ಬಗೆಯ ಒಪ್ಪಂದವೊಂದನ್ನು ತಮ್ಮಲ್ಲೇ ಮಾಡಿಕೊಳ್ಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ತೊಡಕುಗಳೂ ಇವೆ. ಬಾಡಿಗೆ ದುಬಾರಿ, ಮನೆ ಸಿಗುವುದೂ ತಡ. ನಗರ ಕಡಲಿನ ಗುಂಟ ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿರುವುದರಿಂದ, ರೈಲು ಮಾರ್ಗದಿಂದ ದೂರವಿದ್ದವರಿಗೆ ಕಾರಿಲ್ಲದೆ ಸಾಗದು. ಆದ್ದರಿಂದ ಹೊಸಬರು ಮೊದಲು ನಿಲ್ದಾಣ ನೋಡಿ, ಆಮೇಲೆ ಮನೆ ನೋಡುವುದು ಲೇಸು. ಸಮಯದ ಅಂತರ ಎರಡೂವರೆ ಗಂಟೆ ಮಾತ್ರವಾದ್ದರಿಂದ, ಊರಿನಲ್ಲಿ ಅಮ್ಮ ಸಂಜೆಯ ದೀಪ ಹಚ್ಚಿ ಫೋನ್ ಮಾಡಿದರೆ ನಾವು ಊಟ ಮುಗಿಸಿ ಕುಳಿತಿರುತ್ತೇವೆ.

ತಂದೆತಾಯಿಯರನ್ನು ಕರೆಸಿಕೊಳ್ಳುವವರಿಗೆ ಸೆಪ್ಟೆಂಬರ್ ತಿಂಗಳೇ ಉತ್ತಮ. ಆಗ ಇಲ್ಲಿ ವಸಂತ, ಕಿಂಗ್ಸ್ ಪಾರ್ಕಿನ ತುಂಬ ಕಾಡುಹೂಗಳು ಅರಳಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ತೋಟದಲ್ಲಿ ಕಾಫಿ ಹಣ್ಣು ಕೊಯ್ಲಿಗೆ ಬರಲು ಇನ್ನೂ ಸಮಯವಿರುವುದರಿಂದ, ಆಳುಗಳ ಚಿಂತೆಯಿಲ್ಲದೆ ಅಪ್ಪಂದಿರೂ ಒಂದು ತಿಂಗಳ ಮಟ್ಟಿಗೆ ಮನೆ ಬಿಟ್ಟು ಹೊರಡಲು ಒಪ್ಪುತ್ತಾರೆ.