ದರಕಿನ ಕಾಡಿನಲ್ಲಿ ಒಂದು ರಾತ್ರಿ

ತೀರ್ಥಹಳ್ಳಿಯಲ್ಲಿ ಆಗುಂಬೆ ಬಸ್ ಹತ್ತಿ ಮೇಗರವಳ್ಳಿ ದಾಟುವ ಹೊತ್ತಿಗೆ ರಸ್ತೆಯ ಎರಡೂ ಬದಿ ಕೆಂಪು ಚಿಗುರು ಕಾಣತೊಡಗುತ್ತದೆ. ಯುಗಾದಿ ಕಳೆದಿದೆ, ಅಶ್ವಿನಿ ಮಳೆ ಇನ್ನೂ ಹಿಡಿದಿಲ್ಲ. ಮೇಲೆ ಹೊಸ ಎಲೆ, ಕೆಳಗೆ ಪಾದ ಮುಳುಗುವಷ್ಟು ದರಕು, ಅಂದರೆ ಉದುರಿದ ಒಣ ಎಲೆ. ಒಬ್ಬರೇ ರಾತ್ರಿ ಉಳಿಯಲು ಬಂದವರು ಚಿಗುರಿಗೆ ಮನಸೋಲುವ ಮೊದಲು ದರಕನ್ನು ನೋಡಬೇಕು. ಬೆಂಕಿ, ಉಣುಗು (ರಕ್ತ ಹೀರುವ ಉಣ್ಣೆ), ಹಾವು ಮೂರರ ಭಯವೂ ಅದರಲ್ಲೇ ಇದೆ.

ಮೀಸಲು ಅರಣ್ಯದಲ್ಲಿ, ಸೋಮೇಶ್ವರ ಅಭಯಾರಣ್ಯದ ಸೆರಗಿನಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಾದರೂ ತೋಟದವರನ್ನೂ ಫಾರೆಸ್ಟ್ ಗಾರ್ಡನ್ನೂ ಕೇಳಿಯೇ ಹೋಗಬೇಕು. ‘ನಾಳೆ ಹತ್ತು ಗಂಟೆಯೊಳಗೆ ಇಳಿದು ಬರದಿದ್ದರೆ ಬಂದು ನೋಡಿ ಮಾರಾಯ್ರೆ’ ಎಂದು ತೋಟದ ಮನೆಯವರಿಗೆ ಹೇಳಿಡಿ. ಮೇಲೆ ಮೊಬೈಲ್ ನಂಬುವಂತಿಲ್ಲ. ಕೊಟ್ಟಿಗೆಗೆಂದು ದರಕು ಗುಡಿಸಿ ಒಯ್ದ ಜಾಗವನ್ನೇ ಅವರಲ್ಲಿ ಕೇಳಿ. ಅಲ್ಲಿ ನೆಲ ಕಣ್ಣಿಗೆ ಬೀಳುತ್ತದೆ.

ಕಾಡಿನಲ್ಲಿ ಬದುಕುವುದನ್ನು ಕಲಿಸುವ ಬುಷ್‌ಕ್ರಾಫ್ಟ್ ವಿಡಿಯೋಗಳ ಎಲೆಹಾಸಿಗೆ ಇಲ್ಲಿ ಬೇಡವೇ ಬೇಡ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಎಳ್ಳಿಗಿಂತ ಸಣ್ಣವು, ಬೇಸಿಗೆಯ ದರಕಿನಲ್ಲೇ ಕಾದಿರುತ್ತವೆ. ಸೊಂಟದೆತ್ತರಕ್ಕೆ ಹ್ಯಾಮಕ್ (ತೂಗುಹಾಸಿಗೆ) ಕಟ್ಟಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಕೈಕಾಲಿಗೆ ಸವರಿ, ಗಂಟೆಗೊಮ್ಮೆ ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಆ ಜಾಗವನ್ನೇ ಬಿಟ್ಟು ಊರಿಗೆ ತಿಳಿಸಿ.

ಹಗ್ಗ ಕಟ್ಟುವ ಮೊದಲು ಮರದ ಗುರುತು ಸಿಗಬೇಕು. ತೊಗಟೆಯ ಮೇಲೆ ಡಾಂಬರು ಸುರಿದಂಥ ಕಪ್ಪು ಗೆರೆ, ಎಲೆಯ ತೊಟ್ಟಿನ ಮೇಲೆ ಮುಳ್ಳಿನಂಥ ಎರಡು ಪುಟ್ಟ ಮೊನೆ: ಅದು ಹೊಲಗೇರು. ಸೊನೆ ತಾಗಿದರೆ ಚರ್ಮದ ಮೇಲೆ ಬೊಬ್ಬೆ ಬರುತ್ತದೆ. ಅದರ ಪುಳ್ಳೆಯನ್ನು ಒಲೆಗೂ ಇಡಬಾರದು. ಬಿದಿರುಮೆಳೆಯ ಬುಡದಲ್ಲಿ ದರಕು ಯಾರೋ ಒಟ್ಟಿದಂತೆ ಗುಪ್ಪೆಯಾಗಿದ್ದರೆ ಹತ್ತಿರ ಹೋಗಬೇಡಿ. ಕಾಳಿಂಗ ಗೂಡು ಕಟ್ಟುವ ಕಾಲವಿದು, ಹೆಣ್ಣು ಮೊಟ್ಟೆಗೆ ಕಾವಲಿರುತ್ತದೆ.

ಮೇಲೆ 3 ಮೀಟರ್ ಚೌಕದ ಟಾರ್ಪಾಲು ಸಾಕು. ಸಂಜೆ ಗುಡುಗಿದರೆ ನೀರು ಹಗ್ಗದ ಗುಂಟ ಇಳಿದು ಹಾಸಿಗೆಗೆ ಬರುತ್ತದೆ; ಹಗ್ಗಕ್ಕೆ ಗೇಣುದ್ದ ಬಟ್ಟೆಚೂರು ಇಳಿಬಿಟ್ಟರೆ ಅಲ್ಲೇ ತೊಟ್ಟಿಕ್ಕುತ್ತದೆ.

ಬೆಂಕಿಯನ್ನು ಒಣಗಿದ ಹಳ್ಳದ ಮರಳಿನ ಮೇಲೆ ಮಾತ್ರ, ಮೂರು ಕಲ್ಲಿನ ನಡುವೆ ಹಾಕಿ. ದಡದ ಮಣ್ಣಿನಲ್ಲಿ ಹಾಕಿದರೆ ಬೇರಿಗೆ ಹತ್ತಿದ ಕೆಂಡ ಒಳಗೊಳಗೇ ಹೊಗೆಯಾಡಿ ಮರುದಿನ ಬೇರೆಲ್ಲೋ ಏಳುತ್ತದೆ. ಹೊತ್ತಿಸಲು ಬೈನೆ ಮರದ ಗರಿಬುಡದ ಹತ್ತಿಯಂಥ ನಾರು ಸಾಕು, ಕಿಡಿ ಹಿಡಿಯುತ್ತದೆ. ನೀರಿಗೆ ಹಳ್ಳದ ತಗ್ಗಿನ ಮರಳಿನಲ್ಲಿ ಮೊಳದಾಳ ಒರತೆ ತೋಡಿ. ಮೊದಲೆರಡು ಸಲ ತುಂಬಿದ್ದನ್ನು ಮೊಗೆದು ಚೆಲ್ಲಿ, ಮೂರನೆಯದನ್ನು ಕುದಿಸಿ.

ಊಟಕ್ಕೆ ಅಪ್ಪೆಸಾರು; ಅಪ್ಪೆ ಎಂದರೆ ಪರಿಮಳದ ಕಾಡುಮಾವು. ಹಳ್ಳದ ಅಂಚಿನ ಅಪ್ಪೆ ಮರದ ಕಾಯಿ ಮುರಿದು ಮೂಗಿಗೆ ಹಿಡಿದರೆ ಸೊನೆಯ ಪರಿಮಳವೇ ಅರ್ಧ ಊಟ. ಕೈಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಸೊನೆ ಸುಡುತ್ತದೆ. ಬಲಿತ ಕಾಯಿ ಒಂದನ್ನು ಹತ್ತು ನಿಮಿಷ ಬೇಯಿಸಿ ಕಿವುಚಿ, ಗೊರಟು ತೆಗೆದು, ಮುಕ್ಕಾಲು ಲೀಟರ್ ನೀರು, ಉಪ್ಪು ಸೇರಿಸಿ. ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ನಾಲ್ಕು ಸೂಜಿಮೆಣಸಿನ ಒಗ್ಗರಣೆ. ಇಂಗು ಹೆಚ್ಚಾದರೆ ಅಪ್ಪೆಯ ಪರಿಮಳ ಸತ್ತಂತೆ. ಜೊತೆಗೆ ಕೇಪಳದ ಕುಡಿ ಬಾಡಿಸಿದರೆ ಅನ್ನಕ್ಕೆ ಸಾಕಷ್ಟಾಯಿತು. ಕಿತ್ತಳೆ ಬಣ್ಣದ ದುಂಡು ಹಣ್ಣು ಕಂಡು ಆಸೆಪಡಬೇಡಿ, ಅದು ಕಾಸರಕ, ವಿಷ. ಅಪ್ಪೆಗೆ ಕೊಂಬೆ ಕಡಿಯಲೇಬಾರದು. ಹಾಗೆ ಕಡಿದೇ ಎಷ್ಟೋ ಒಳ್ಳೆಯ ಮರಗಳು ಹೋಗಿವೆ.

ಬೆಳಿಗ್ಗೆ ಒಲೆಗೆ ನೀರು ಸುರಿದು, ಬೂದಿ ಕಲಸಿ, ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೂ ಸುರಿಯಿರಿ. ಮನೆ ಸೇರಿದೊಡನೆ ಬಟ್ಟೆಯನ್ನು ಕುದಿನೀರಿಗೆ ಹಾಕಿ ಬಿಸಿನೀರಿನ ಸ್ನಾನ ಮಾಡಿ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲ ಮಾತಿಗೇ ಹೇಳಿ.