ಅಂತರಾ ಕಾರ್ಡಿಗೆ ಹಲ್ಲುನೋವು

'ನಿಮ್ಮ ಪಿಎಚ್‌ಸಿಯಲ್ಲಿ ಅಂತರಾ ಡ್ರಾಪ್‌ಔಟ್ ಯಾಕಿಷ್ಟು?' ಅಂತ ವಿಡಿಯೊ ಕಾನ್ಫರೆನ್ಸಿನಲ್ಲಿ (ವಿಸಿ) ಮೇಲಧಿಕಾರಿಗಳು ಎಲ್ಲರೆದುರು ಕೇಳಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತೆ. 2020ರ ಜುಲೈ. ಮೂಡಿಗೆರೆ ಕಡೆಯ ಎಸ್ಟೇಟುಗಳ ನಡುವೆ ನನ್ನ ಡ್ಯೂಟಿ. ಅಂತರಾ ಅಂದರೆ ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಇಂಜೆಕ್ಷನ್. ಅದರ ವಯಲ್‌ಗಳು ಬೀರುವಿನಲ್ಲಿ, ಚುಚ್ಚಿಸಿಕೊಳ್ಳಬೇಕಾದವರು ಕೂಲಿಯವರ ಲೈನ್ ಮನೆಯಲ್ಲಿ.

ಮಾರ್ಚ್ 25ಕ್ಕೆ ಲಾಕ್‌ಡೌನ್. ಜನವರಿಯಲ್ಲಿ ಡೋಸ್ ತಗೊಂಡವರ ಡ್ಯೂ ಏಪ್ರಿಲ್. ನಾಲ್ಕು ವಾರ ತಡವಾದರೂ ನಡೆಯುತ್ತೆ. ಅದೂ ದಾಟಿದರೆ ಗರ್ಭ ನಿಂತಿಲ್ಲ ಅಂತ ಖಾತ್ರಿಯಾಗದೆ ಕೊಡುವ ಹಾಗಿಲ್ಲ. ಡ್ಯೂ ನೆನಪಿಸುತ್ತಿದ್ದ ಆಶಾಗಳು ಕೆಮ್ಮು-ಜ್ವರದ ಸರ್ವೆಗೆ ಹೋದರು. ಸಂತಾನಹರಣ ಆಪರೇಷನ್ ಕ್ಯಾಂಪ್ ನಿಂತಿತು. ಬಂಗಲೆಯವರಿಗೆ ಪೇಟೆಯ ಮೆಡಿಕಲ್‌ನಿಂದ ಗುಳಿಗೆ ಕಾರಲ್ಲೇ ಬರುತ್ತಿತ್ತು. ಜಿಲ್ಲೆ ಹಸಿರು ವಲಯ ಅಂತ ಬಸ್ಸು ಬಿಟ್ಟ ಮೇಲೂ ನಮ್ಮ ರಸ್ತೆಗೆ ಬರಲಿಲ್ಲ.

ಜೂನ್ ಕೊನೆಗೆ ಒಬ್ಬಳು ಬಂದಳು. ಬಯಲುಸೀಮೆ ಕಡೆಯವಳು.

'ಏನಮ್ಮಾ, ಏಪ್ರಿಲ್‌ನಲ್ಲಿ ಬರೋದು ಬಿಟ್ಟು ಈಗ ಬಂದಿದ್ದೀಯ?'

ಮಾತಿಲ್ಲ. ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ಟಿಗೆ ಎರಡು ಹನಿ ಮೂತ್ರ ಬಿಟ್ಟು ಟೇಬಲ್ ಮೇಲಿಟ್ಟೆ. ಐದು ನಿಮಿಷ ಕಾಯಬೇಕು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಗೋಡೆ ನೋಡುತ್ತಿದ್ದಳು. ಮೊದಲ ಗೆರೆ ಬೇಗ ಮೂಡಿತು. ಇನ್ನೊಂದರ ಜಾಗದಲ್ಲೂ ಏನೋ ಮಸುಕು! ಮಳೆ, ಕರೆಂಟು ಬೇರೆ ಇಲ್ಲ. ಮಾಸ್ಕಿನ ಹಬೆಗೆ ಮಂಜಾದ ಕನ್ನಡಕ ಒರೆಸಿ, ಕಿಟ್ಟನ್ನು ಕಿಟಕಿಗೆ ಹಿಡಿದು, ಓರೆ ಮಾಡಿ ನೋಡಿದೆ. ಅವಳು ಆಗಲೇ ಅಳುವುದಕ್ಕೆ ಶುರು. ಮಸುಕು ಬರೀ ಒದ್ದೆಯದು. ಐದು ನಿಮಿಷ ಕಳೆದರೂ ಒಂದೇ ಗೆರೆ, ಗರ್ಭವಿಲ್ಲ.

ಮುಟ್ಟಿನ ದಿನ ಕೇಳಿ, ಡಾಕ್ಟರಿಗೆ ತೋರಿಸಿ, ವಯಲ್ ಕುಲುಕಿ ತೋಳಿಗೆ ಕೊಟ್ಟೆ. 'ತಿಕ್ಕಬೇಡ. ಒಂದು ವಾರ ನಿರೋಧ್ ಬಳಸಿ' ಅಂದಿದ್ದಕ್ಕೆ ಕಣ್ಣೊರೆಸಿಕೊಂಡು ನಕ್ಕಳು.

'ನಮ್ಮನೆಯವರಿಗೆ ಇಂಜೆಕ್ಷನ್ನೇ ಗೊತ್ತಿಲ್ಲ ಸಿಸ್ಟರ್. ಎಸ್ಟೇಟ್ ಜೀಪು ಬೇಕಂದ್ರೆ ಲೆಕ್ಕ ಬರೆಯೋ ರೈಟರ್ ಹತ್ರ ಏನು ಕಾಯಿಲೆ ಅಂತ ಹೇಳಬೇಕು. ಏನಂತ ಹೇಳ್ಲಿ? ಕೊನೆಗೆ ಹಲ್ಲುನೋವು ಅಂದೆ.'

ನಮ್ಮ ಫಾರ್ಮ್ಯಾಟಿನಲ್ಲಿ ಬಿಟ್ಟವರ ಕಾರಣ ಮೂರೇ: ಅಡ್ಡಪರಿಣಾಮ, ಮಗು ಬೇಕು, ಇತರೆ. ಜೀಪು, ರೈಟರು, ಗಂಡ ಎಲ್ಲಾ 'ಇತರೆ'. ಕಾಲಂ ಓದಿದರೆ ಹೆಂಗಸರೇ ಬೇಡವೆಂದು ಬಿಟ್ಟಂತೆ ಕಾಣುತ್ತೆ. ಅಷ್ಟರಲ್ಲಿ ಜುಲೈ 10ರಿಂದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕಿಳಿದರು. ಇಳಿದದ್ದು ಸರಿಯೇ. ಆದರೆ ಡ್ಯೂ ಲಿಸ್ಟ್ ಹಿಡಿದು ಲೈನ್ ಹತ್ತುವವರು ಯಾರು? ಆ ವಿಸಿಯಲ್ಲೇ ಕೇಳಿದೆ. 'ಲಿಸ್ಟ್ ರೈಟರಿಗೆ ಕೊಡಿ, ಅವರೇ ಕಳಿಸ್ತಾರೆ' ಅಂದರು. ಹೆಸರು ಸಮೇತ! ಆಗಲ್ಲ ಅಂದೆ. ನನ್ನನ್ನು ಮ್ಯೂಟ್ ಮಾಡಿ ಮುಂದಿನ ಪಿಎಚ್‌ಸಿಗೆ ಹೋದರು.

ಸೆಪ್ಟೆಂಬರಿನಲ್ಲಿ ಆ ಲೈನಿಂದ ಜೀಪಿನ ತುಂಬಾ ಹೆಂಗಸರು ಬಂದು ಚುಚ್ಚಿಸಿಕೊಂಡು ಹೋದರು. ಸಂಜೆ ರೈಟರ್ ಫೋನು.

'ಏನ್ ಸಿಸ್ಟರ್, ಎಲ್ಲರಿಗೂ ಒಟ್ಟಿಗೇ ಹಲ್ಲುನೋವು?'

'ಎಲೆಅಡಿಕೆ ಜಾಸ್ತಿ ಹಾಕ್ತಾರೆ ಸರ್' ಅಂದೆ. 'ಡಿಸೆಂಬರಿಗೆ ಇನ್ನೊಂದ್ಸಲ ತೋರಿಸ್ಬೇಕು, ಜೀಪು ಕಳಿಸಿ.'